ಇಪ್ಪತ್ತು ವರ್ಷ ಆದಮೇಲೂ ಸಿಗಬೇಕು: ಸೀಡ್ ಪದ, ಬ್ಯಾಕಪ್ ಕೋಡ್ ಎಲ್ಲಾ ಎಲ್ಲಿಡುತ್ತೀರಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ.

ಕಳೆದುಕೊಳ್ಳಬಾರದ ಗುಟ್ಟುಗಳು ನನ್ನ ಹತ್ತಿರ ನಾಲ್ಕಿವೆ. ಹಾರ್ಡ್‌ವೇರ್ ವಾಲೆಟ್‌ನ (ಬಿಟ್‌ಕಾಯಿನ್ ಥರದ ಕ್ರಿಪ್ಟೋ ಹಣದ ಕೀ ಇಡುವ ಪುಟ್ಟ ಸಾಧನ) 24 ಸೀಡ್ ಪದಗಳು, ಸಾಧನ ಹಾಳಾದರೂ ಇವಿದ್ದರೆ ಹಣ ವಾಪಸ್ ಪಡೆಯಬಹುದು. ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳು. ಎಲ್ಲಾ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಇಡುವ ಪಾಸ್‌ವರ್ಡ್ ಮ್ಯಾನೇಜರ್‌ನ ಮಾಸ್ಟರ್ ಪಾಸ್‌ವರ್ಡ್. ಲ್ಯಾಪ್‌ಟಾಪ್‌ನ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಕೀ. ದುಡ್ಡಿನ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಆ ಗೂಗಲ್ ಖಾತೆಯಲ್ಲೇ ಇವೆ.

ಸದ್ಯಕ್ಕೆ ಎಲ್ಲವೂ ಒಂದೇ ಹಾಳೆಯಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಬೀರುವಿನಲ್ಲಿ. ಇನ್ನೊಂದು ಪ್ರತಿ ತೀರ್ಥಹಳ್ಳಿಯ ಅಪ್ಪನ ಮನೆಯಲ್ಲಿಡೋಣ ಅಂದರೆ, ಅಲ್ಲಿ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಆಫೀಸಿನಲ್ಲಿ ಒಬ್ಬ ಪೆನ್‌ಡ್ರೈವ್ ಅನ್ನುತ್ತಾನೆ, ಇನ್ನೊಬ್ಬ ಫೋಟೋ ತೆಗೆದು ಕ್ಲೌಡ್‌ಗೆ ಹಾಕು ಅನ್ನುತ್ತಾನೆ. ಎರಡೂ ಯಾಕೋ ಮನಸ್ಸಿಗೆ ಬರುತ್ತಿಲ್ಲ.

ಇಪ್ಪತ್ತು ವರ್ಷ ಬಾಳಬೇಕು. ನಾನಿಲ್ಲದಿದ್ದರೂ ಹೆಂಡತಿಗೆ ಸಿಗಬೇಕು. ಕಳ್ಳನಿಗೆ ಸಿಗಬಾರದು. ನೀವೆಲ್ಲ ಏನು ಮಾಡಿದ್ದೀರಿ?

ಸೀಸದಕಡ್ಡಿ

ಪೆನ್ಸಿಲ್ ಮತ್ತು ಕಾಗದ. ನಗಬೇಡಿ.

ಪೆನ್ಸಿಲ್ ಸೀಸ ಅಂದರೆ ಗ್ರಾಫೈಟ್, ಅಂದರೆ ಇಂಗಾಲ. ಬಿಸಿಲಿಗೆ ಬಣ್ಣ ಹೋಗುವುದಿಲ್ಲ, ನೀರಿಗೆ ಹರಡುವುದಿಲ್ಲ. ಕೆಲವು ಜೆಲ್ ಪೆನ್, ಇಂಕ್‌ಜೆಟ್ ಪ್ರಿಂಟ್ ನೀರು ತಾಗಿದರೆ ಮುಗಿದ ಹಾಗೆ. ಸುಮಾರಾದ ಬಾಲ್ ಪೆನ್ ಶಾಯಿ ವರ್ಷಗಳು ಕಳೆದ ಹಾಗೆ ಮಂಕಾಗುತ್ತದೆ. ಎಚ್‌ಬಿ ಪೆನ್ಸಿಲ್ ಸಾಕು, 2ಬಿ ಆದರೆ ಕೈಗೆ ಹತ್ತಿ ಮಸುಕಾಗುತ್ತದೆ. ಒಳ್ಳೆ ದಪ್ಪ ಡ್ರಾಯಿಂಗ್ ಹಾಳೆ ತಗೊಳ್ಳಿ, ಅಗ್ಗದ ನೋಟ್‌ಬುಕ್ ಹಾಳೆ ಬೇಡ. ಅದು ತಾನೇ ಹಳದಿಯಾಗಿ ಪುಡಿಯಾಗುತ್ತದೆ.

ಬಿಲ್ಲಿಂಗ್ ಮೆಷಿನ್‌ನಲ್ಲಿ ಬರುವ ಥರ್ಮಲ್ ಕಾಗದದ ಮೇಲಂತೂ ಏನನ್ನೂ ಪ್ರಿಂಟ್ ಹಾಕಬೇಡಿ. ಎಟಿಎಂ ಚೀಟಿ ಪರ್ಸಿನಲ್ಲಿದ್ದು ಹೇಗೆ ಬೆಳ್ಳಗಾಗುತ್ತದೆ ಅಂತ ಎಲ್ಲರೂ ನೋಡಿದ್ದೀರಿ. ಅದನ್ನೇ ಬಿಸಿ ಲ್ಯಾಮಿನೇಷನ್‌ಗೆ ಕೊಟ್ಟರೆ ಶಾಖಕ್ಕೆ ಇಡೀ ಚೀಟಿ ಕರ್ರಗಾಗಿ ಹೊರಗೆ ಬರುತ್ತದೆ.

ಇನ್ನು ಲ್ಯಾಮಿನೇಷನ್ ಮಾಡಿಸಲು ಝೆರಾಕ್ಸ್ ಅಂಗಡಿಗೆ ಹೋಗುವುದು ಅಂದರೆ ನಿಮ್ಮ 24 ಪದಗಳನ್ನು ಅಂಗಡಿಯ ಹುಡುಗನ ಕೈಗೆ ಕೊಟ್ಟ ಹಾಗೇ ಅಲ್ವಾ?

ಎಸ್‌ಪಿ_ರೋಡ್

ಮಲೆನಾಡಿನ ಮನೆಗೆ ಕಾಗದ ಬೇಡ ಗುರು. ಮಳೆ ಬಿಟ್ಟರೂ ಗೆದ್ದಲು ಬಿಡುವುದಿಲ್ಲ. ಸ್ಟೀಲ್ ತಗಡಿನ ಮೇಲೆ ಪಂಚ್ ಹೊಡೆಯಿರಿ.

ಆನ್‌ಲೈನ್‌ನಲ್ಲಿ ಇದಕ್ಕಂತಲೇ ಸಾವಿರಾರು ರೂಪಾಯಿಯ ಪ್ಲೇಟ್‌ಗಳು ಬರುತ್ತವೆ. ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ಷರದ ಪಂಚ್ ಸೆಟ್ ಸಿಗುತ್ತದೆ. ಒಂದು ಡಬ್ಬಿಯಲ್ಲಿ 27 ಕಡ್ಡಿ, ಇಂಗ್ಲಿಷಿನ 26 ಅಕ್ಷರ ಮತ್ತು ಒಂದು ‘ಆಂಡ್’ ಗುರುತು. ಅಂಕಿಯ ಸೆಟ್ ಬೇರೆ. ಅದರಲ್ಲಿ 9 ಕಡ್ಡಿ ಮಾತ್ರ ಇರುತ್ತವೆ, ಆರನ್ನು ತಿರುಗಿಸಿ ಹೊಡೆದರೆ ಒಂಬತ್ತು. 3 ಮಿಲಿಮೀಟರ್ ಅಕ್ಷರದ ಸೆಟ್ ಸಾಕು. ಜೊತೆಗೆ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ತುಂಡು.

ಪೂರ್ತಿ ಪದ ಹೊಡೆಯುವ ಕಷ್ಟವೂ ಇಲ್ಲ. ಬಹುಪಾಲು ವಾಲೆಟ್‌ಗಳು ಬಳಸುವುದು ಬಿಐಪಿ-39 ಅನ್ನುವ ಪಟ್ಟಿ. 2013ರದ್ದು, 2048 ಇಂಗ್ಲಿಷ್ ಪದಗಳು. ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಅಂತ ಗೊತ್ತಾಗುವ ಹಾಗೆ ಅದನ್ನು ಆರಿಸಿದ್ದಾರೆ. ಅಂದರೆ 24 ಪದಕ್ಕೆ ಹೆಚ್ಚೆಂದರೆ 96 ಪೆಟ್ಟು. ಪದದ ಪಕ್ಕ ಕ್ರಮಸಂಖ್ಯೆ ಹಾಕುವುದನ್ನು ಮರೆಯಬೇಡಿ, ಕ್ರಮ ತಪ್ಪಿದರೆ ಪದಗಳಿದ್ದೂ ಪ್ರಯೋಜನ ಇಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಕರಗುವುದು ಸುಮಾರು 1400 ಡಿಗ್ರಿಯಲ್ಲಿ. ಮನೆಗೆ ಬೆಂಕಿ ಬಿದ್ದರೆ ಶಾಖ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಅಲ್ಯೂಮಿನಿಯಂ ಬೇಡ, 660ಕ್ಕೇ ಕರಗಿಹೋಗುತ್ತದೆ.

ತುಂಗಾತೀರ

@ಎಸ್‌ಪಿ_ರೋಡ್ ಒಳ್ಳೆ ಐಡಿಯಾ. ಆದರೆ ಪಂಚ್ ಯಾಕೆ? ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅವರೇ ಮೆಷಿನ್ ಹಿಡಿದು ಹೆಸರು ಕೆತ್ತಿಕೊಡುತ್ತಾರಲ್ಲ. ನಮ್ಮ ಅಮ್ಮನ ಮದುವೆಯ ತಂಬಿಗೆ ಮೇಲಿನ ಹೆಸರು ಇವತ್ತಿಗೂ ಓದಬಹುದು.

ಎಸ್‌ಪಿ_ರೋಡ್

ಕೆತ್ತನೆ ಬಾಳುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಂಗಡಿಯವನಿಗೆ ನೀವು ಒಂದೊಂದೇ ಪದ ಹೇಳುತ್ತಾ ನಿಲ್ಲಬೇಕಲ್ಲ! ಪಕ್ಕದಲ್ಲಿ ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸಲು ಬಂದವರೂ ಕೇಳಿಸಿಕೊಳ್ಳುತ್ತಾರೆ. ಅದೇ ಥರದ ಕೆತ್ತುವ ಪೆನ್ ನೀವೇ ಕೊಂಡು ಮನೆಯಲ್ಲಿ ಕೆತ್ತಿದರೆ ಅಡ್ಡಿ ಇಲ್ಲ. ಆಳ ಸ್ವಲ್ಪ ಕಮ್ಮಿ ಬರುತ್ತದೆ ಅಷ್ಟೇ. ತುಕ್ಕು, ಮಸಿ ಹಿಡಿದ ಮೇಲೂ ಕೈ ಆಡಿಸಿ ಓದಬಹುದಾದ್ದು ಪಂಚ್ ಅಕ್ಷರ ಮಾತ್ರ.

ಗರಿಗರಿದೋಸೆ

ಇಷ್ಟೆಲ್ಲ ಯಾಕೆ? ನನ್ನದು 12 ಪದದ ಸೀಡ್. ಮೂರು ಚೀಟಿ ಮಾಡಿದ್ದೇನೆ. ಪ್ರತಿ ಚೀಟಿಯಲ್ಲೂ 8 ಪದ. ಯಾವ ಎರಡು ಚೀಟಿ ಸೇರಿಸಿದರೂ 12 ಪದವೂ ಸಿಗುತ್ತವೆ. ಒಂದು ಕಳೆದರೆ ತೊಂದರೆ ಇಲ್ಲ, ಒಂದು ಕಳ್ಳನಿಗೆ ಸಿಕ್ಕರೂ ತೊಂದರೆ ಇಲ್ಲ. ಸಾಲದು ಅಂತ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕದಮೇಷ್ಟ್ರು

@ಗರಿಗರಿದೋಸೆ ಆ ಚೀಟಿಗಳನ್ನು ಇವತ್ತೇ ಸುಟ್ಟುಬಿಡಿ. ಅದಕ್ಕೆ ಮೊದಲು ಸೀಡ್ ಸರಿಯಾಗಿ ಬರೆದಿಟ್ಟುಕೊಳ್ಳಿ ಮತ್ತೆ!

ಲೆಕ್ಕ ನೋಡಿ. ಒಂದು ಚೀಟಿ ಸಿಕ್ಕವನಿಗೆ ಗೊತ್ತಿಲ್ಲದ್ದು 4 ಪದ ಮಾತ್ರ. ಒಂದೊಂದಕ್ಕೆ 2048 ಸಾಧ್ಯತೆ. 2048 ಅಂದರೆ 2ರ 11ನೇ ಘಾತ, ಹಾಗಾಗಿ ನಾಲ್ಕು ಪದಕ್ಕೆ 2ರ 44ನೇ ಘಾತ. ಆದರೆ 12 ಪದದ ಸೀಡ್‌ನಲ್ಲಿ ಕೊನೆಯ 4 ಬಿಟ್ (ಒಂದೊಂದು ಬಿಟ್ ಅಂದರೆ ಸೊನ್ನೆ ಅಥವಾ ಒಂದು) ಚೆಕ್‌ಸಮ್, ಅಂದರೆ ಉಳಿದದ್ದನ್ನು ತಾಳೆ ನೋಡಲು ಇರುವ ಭಾಗ. ಆದ್ದರಿಂದ ಹದಿನಾರರಲ್ಲಿ ಒಂದು ಮಾತ್ರ ಸರಿಯಾದ ಸೀಡ್ ಆಗಬಲ್ಲದು. ಉಳಿಯುವುದು 2ರ 40ನೇ ಘಾತ, ಸುಮಾರು 1.1 ಲಕ್ಷ ಕೋಟಿ. ಕೇಳಲು ದೊಡ್ಡದು. ಆದರೆ 2020ರಲ್ಲಿ ಒಂದು ಸ್ಪರ್ಧೆ ನಡೆದಿತ್ತು. 12 ಪದದ ಸೀಡ್‌ನ ಪದಗಳನ್ನು ಒಂದೊಂದಾಗಿ ಬಹಿರಂಗ ಮಾಡುತ್ತಾ ಹೋಗುವುದು, ಪೂರ್ತಿ ಕಂಡುಹಿಡಿದವರಿಗೆ ಅದರಲ್ಲಿದ್ದ ಒಂದು ಬಿಟ್‌ಕಾಯಿನ್. ಜಾನ್ ಕ್ಯಾಂಟ್ರೆಲ್ ಎಂಬ ಪ್ರೋಗ್ರಾಮರ್ 8 ಪದ ಗೊತ್ತಾದ ಮೇಲೆ ಬಾಡಿಗೆಗೆ ಗ್ರಾಫಿಕ್ಸ್ ಕಾರ್ಡ್‌ಗಳನ್ನು ತಗೊಂಡು ಉಳಿದ ನಾಲ್ಕನ್ನು ಸುಮಾರು 30 ಗಂಟೆಯಲ್ಲಿ ಹುಡುಕಿಬಿಟ್ಟ. ನಿಮ್ಮ ಒಂದು ಚೀಟಿ ಸಿಕ್ಕ ಕಳ್ಳನ ಸ್ಥಿತಿ ಸರಿಯಾಗಿ ಅದೇ.

24 ಪದದ ಸೀಡನ್ನು ಹೀಗೆ 16 ಪದದ ಮೂರು ಚೀಟಿ ಮಾಡಿದರೆ 2ರ 80ನೇ ಘಾತ ಉಳಿಯುತ್ತದೆ. ಅದು ಇವತ್ತಿಗೆ ಯಾರ ಕೈಗೂ ಎಟುಕುವುದಿಲ್ಲ. ಆದರೂ ಮೂಲ ಸೀಡ್‌ನ 256 ಬಿಟ್ ಬಲವನ್ನು ನಾವೇ ಕೂತು ಕಮ್ಮಿ ಮಾಡಿದ ಹಾಗಾಯಿತು. ಯಾಕೆ ಬೇಕು?

ಹಂಚಲೇಬೇಕು ಅಂದರೆ ಅದಕ್ಕೆ ಸರಿಯಾದ ಗಣಿತ ಇದೆ. 1979ರಲ್ಲಿ ಆದಿ ಶಮೀರ್ ಕೊಟ್ಟ ವಿಧಾನ. ಮೂರು ಪಾಲಿನಲ್ಲಿ ಎರಡು ಸೇರಿದರೆ ಗುಟ್ಟು ಪೂರ್ತಿ ಸಿಗುತ್ತದೆ. ಒಂದೇ ಪಾಲು ಇದ್ದರೆ ಏನೂ ಸಿಗುವುದಿಲ್ಲ, ಒಂದು ಬಿಟ್ ಸುಳಿವೂ ಇಲ್ಲ. ಒಂದು ಬಿಂದುವಿನ ಮೂಲಕ ಲೆಕ್ಕವಿಲ್ಲದಷ್ಟು ಸರಳರೇಖೆ ಎಳೆಯಬಹುದು, ಎರಡು ಬಿಂದು ಕೊಟ್ಟರೆ ಒಂದೇ ರೇಖೆ. ಹೈಸ್ಕೂಲಿನಲ್ಲಿ ಕಲಿತದ್ದೇ. ವಾಲೆಟ್‌ಗಳಲ್ಲಿ ಇದು ಎಸ್‌ಎಲ್‌ಐಪಿ-39 ಹೆಸರಿನಲ್ಲಿದೆ. ಪದಪಟ್ಟಿಯೂ ಬೇರೆ, 1024 ಪದಗಳದ್ದು. ಪ್ರತಿ ಪಾಲಿನಲ್ಲಿ 20 ಅಥವಾ 33 ಪದ ಇರುತ್ತವೆ. ತೊಂದರೆ ಅಂದರೆ ಎಲ್ಲಾ ವಾಲೆಟ್‌ಗಳೂ ಇದನ್ನು ಓದುವುದಿಲ್ಲ.

ಕನ್ನಡ ಲಿಪಿಯ ವಿಷಯಕ್ಕೆ ಬಂದರೆ, ‘ಸರಿ’ ಎಂಬ ಅರ್ಥದ ರೈಟ್ ಮತ್ತು ‘ಬರೆ’ ಎಂಬ ಅರ್ಥದ ರೈಟ್ ಎರಡೂ ಆ 2048ರ ಪಟ್ಟಿಯಲ್ಲಿವೆ. ನಿಮ್ಮ ಚೀಟಿಯಲ್ಲಿರುವುದು ಯಾವುದು ಅಂತ ಹತ್ತು ವರ್ಷ ಬಿಟ್ಟು ಹೇಳುತ್ತೀರಾ? ಕಳ್ಳ ಕನ್ನಡದವನೇ ಆಗಿದ್ದರೆ ಅವನಿಗೆ ಅದು ಗುಟ್ಟೂ ಅಲ್ಲ.

ಗರಿಗರಿದೋಸೆ

ಮೇಷ್ಟ್ರೇ, ರಾತ್ರಿ ನಿದ್ದೆ ಕೆಡಿಸಿದಿರಿ. ಹೊಸ ಸೀಡ್ ಮಾಡಿ ದುಡ್ಡು ಅಲ್ಲಿಗೆ ಕಳಿಸುತ್ತೇನೆ.

ಡಲ್ಲಾಸ್_ಹುಬ್ಬಳ್ಳಿ

ನಮಸ್ಕಾರ ರೀ. ಎಲ್ಲಾರೂ ವಾಲೆಟ್ ಹಿಂದೇನೇ ಬಿದ್ದೀರಿ. ತುಂಗಾತೀರ ಅವರ ಮಗಳ ಫೋಟೋ ಇರುವುದು ಗೂಗಲ್‌ನಲ್ಲಿ. ಅದರ ಬಗ್ಗೆ ನಾಲ್ಕು ಮಾತು.

ಗೂಗಲ್ ಕೊಡುವುದು 10 ಕೋಡ್, ಒಂದೊಂದರಲ್ಲಿ 8 ಅಂಕಿ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಹೊಸ 10 ತೆಗೆಸಿಕೊಂಡರೆ ಹಳೆಯ 10 ಆ ಕ್ಷಣಕ್ಕೇ ಸತ್ತವು. ಜನ ಎಡವುವುದು ಇಲ್ಲೇ. ಊರಿನ ಟ್ರಂಕಿನಲ್ಲಿ ಹಳೆ ಚೀಟಿ ಭದ್ರವಾಗಿ ಕೂತಿರುತ್ತದೆ, ಒಳಗಿನ ಒಂದು ಕೋಡೂ ನಡೆಯುವುದಿಲ್ಲ. ಅದಕ್ಕೇ ಚೀಟಿ ಮೇಲೆ ತಾರೀಖು ಬರೆಯಿರಿ. ಬಳಸಿದ ಕೋಡಿಗೆ ಗೆರೆ ಹೊಡೆಯಿರಿ. ಇವುಗಳನ್ನು ಸ್ಟೀಲ್ ಮೇಲೆ ಹೊಡೆಯಲು ಹೋಗಬೇಡಿ, ಬದಲಾಗುತ್ತಾ ಇರುವ ವಸ್ತು. ಪೆನ್ಸಿಲ್ಲೇ ಸರಿ.

ಇನ್ನೊಂದು, ಭಾರತದ ಮೊಬೈಲ್ ನಂಬರನ್ನು ರಿಕವರಿಗೆ ಕೊಟ್ಟು ವಿದೇಶಕ್ಕೆ ಬಂದವರು ಇಲ್ಲಿ ಸಾಕಷ್ಟು ಇದ್ದೇವೆ. ರೀಚಾರ್ಜ್ ಮರೆತರೆ ನಂಬರ್ ಬಂದ್. 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಹೋಗುವುದು ಗೊತ್ತಿಲ್ಲದ ಯಾರದೋ ಫೋನಿಗೆ. ನಂಬರ್ ಒಂದನ್ನೇ ನಂಬಿ ಕೂರಬೇಡಿ. ಯುಎಸ್‌ಬಿ ಸೆಕ್ಯೂರಿಟಿ ಕೀ (ಲಾಗಿನ್ ಆಗುವಾಗ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಎರಡು ಕೊಂಡು, ಎರಡನ್ನೂ ಖಾತೆಗೆ ಸೇರಿಸಿ, ಒಂದನ್ನು ಊರಲ್ಲಿಡಿ.

ಗೂಗಲ್‌ನಲ್ಲೇ ನಿಷ್ಕ್ರಿಯ ಖಾತೆಯ ಸೆಟ್ಟಿಂಗ್ ಅಂತ ಒಂದಿದೆ. 3ರಿಂದ 18 ತಿಂಗಳವರೆಗೆ ನೀವು ಖಾತೆ ಮುಟ್ಟದಿದ್ದರೆ, ನೀವು ಮೊದಲೇ ಹೇಳಿದವರಿಗೆ ಫೋಟೋ, ಮೇಲ್ ಇಳಿಸಿಕೊಳ್ಳುವ ಅವಕಾಶ ಸಿಗುತ್ತದೆ. ಹೆಂಡತಿಯ ಹೆಸರು ಹಾಕಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, ಇದೂ ತಲೆಯಲ್ಲಿರಲಿ.

ಸೀಸದಕಡ್ಡಿ

ಬಿಟ್‌ಲಾಕರ್ ಬಗ್ಗೆಯೂ ಹೇಳಿಬಿಡುತ್ತೇನೆ. 48 ಅಂಕಿಯ ಕೀ ಅದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಅಲ್ಲೇ ಒಂದು ಪ್ರತಿ ಇರುತ್ತದೆ, ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಇದು ಯಾವಾಗ ಬೇಕಾಗುತ್ತದೆ ಅಂತ ಹೇಳಲಾಗುವುದಿಲ್ಲ. 2024ರ ಜುಲೈನಲ್ಲಿ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಜಗತ್ತಿನ ಲಕ್ಷಾಂತರ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತಾಗ, ರಿಪೇರಿಗೆ ಕೂತವರು ಪರದಾಡಿದ್ದು ಈ ಕೀಗೇ.

ಹಾಸನದ_ಅಕ್ಕ

ಮೇಲೆ ಬರೆದದ್ದೆಲ್ಲ ಸರಿ. ಆದರೆ ಒಬ್ಬರೂ ಮನೆಯವರ ಕಡೆಯಿಂದ ನೋಡಲಿಲ್ಲ.

ನಮ್ಮ ಚಿಕ್ಕಪ್ಪ ಹೋದಾಗ ಅವರ ಬೀರು ಖಾಲಿ ಮಾಡಿದವಳು ನಾನು. ಎಲ್‌ಐಸಿ ಬಾಂಡ್, ಸೈಟಿನ ಪತ್ರ, ಹಳೆ ರೇಷನ್ ಕಾರ್ಡ್. ಅವುಗಳ ಮಧ್ಯೆ ಒಂದು ಹಾಳೆ. ಒಂದರ ಕೆಳಗೊಂದು ಇಂಗ್ಲಿಷ್ ಪದಗಳು, ಮುಂದೆ ನಂಬರು. ಮೇಲೆ ಶೀರ್ಷಿಕೆ ಇಲ್ಲ, ಕೆಳಗೆ ಸಹಿ ಇಲ್ಲ. ನೋಡಿದರೆ ಮೂರನೇ ಕ್ಲಾಸಿನ ಮಗು ಬರೆದ ಡಿಕ್ಟೇಷನ್ ಹಾಳೆ ಹಾಗೇ ಇತ್ತು. ಚಿಕ್ಕಮ್ಮ ಅದನ್ನು ರದ್ದಿ ರಾಶಿಗೆ ಹಾಕಿದ್ದರು. ಅದೇನು ಅಂತ ನನಗೆ ಗೊತ್ತಿದ್ದರಿಂದ ಉಳಿಯಿತು. ಬೇರೆ ಯಾರೇ ಆಗಿದ್ದರೂ ಅದು ಕಡಲೆಕಾಯಿ ಪೊಟ್ಟಣ ಆಗುತ್ತಿತ್ತು.

ಕಳ್ಳನಿಗೆ ಗೊತ್ತಾಗಬಾರದು ಅಂತ ಶೀರ್ಷಿಕೆ ಹಾಕುವುದಿಲ್ಲ, ನಿಜ. ಆದರೆ ಇಂಥ ಕಳ್ಳತನಕ್ಕೆ ಬರುವವನಿಗೆ ಶೀರ್ಷಿಕೆ ಬೇಕಾಗುವುದೇ ಇಲ್ಲ, 24 ಪದ ನೋಡಿದರೆ ಸಾಕು. ಶೀರ್ಷಿಕೆ ಬೇಕಾಗಿರುವುದು ಹೆಂಡತಿಗೆ, ಅಮ್ಮನಿಗೆ, ಮಕ್ಕಳಿಗೆ.

ನಾನು ಮಾಡಿದ್ದು ಇದು. ಒಂದು ಪತ್ರ, ಕನ್ನಡದಲ್ಲಿ, ಕೈಬರಹದಲ್ಲಿ. ಅದರಲ್ಲಿ ಗುಟ್ಟು ಒಂದೂ ಇಲ್ಲ. ಯಾವ ಯಾವ ಖಾತೆ ಇವೆ, ಯಾವ ತಗಡು ಎಲ್ಲಿದೆ, ಅದು ಯಾವ ಸಾಧನದ್ದು, ನಂಬಿ ಕೇಳಬಹುದಾದ ಇಬ್ಬರು ಯಾರು, ಅವರಿಗೂ ಪದಗಳನ್ನು ಫೋನಿನಲ್ಲಿ ಓದಿ ಹೇಳಬೇಡಿ, ಯಾವ ವೆಬ್‌ಸೈಟಿನಲ್ಲೂ ಟೈಪ್ ಮಾಡಬೇಡಿ. ಇಷ್ಟೇ. ಪತ್ರ ಎಲ್ಲಿದೆ ಅಂತ ಯಜಮಾನರಿಗೂ ತಂಗಿಗೂ ಗೊತ್ತು.

ವಿಲ್‌ನಲ್ಲಿ ಪದಗಳನ್ನು ಬರೆಯಬೇಡಿ. ವಿಲ್ ಮಾಡಲು ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಮತ್ತು ಇಬ್ಬರು ಸಾಕ್ಷಿ ಸಾಕು. ಆದರೆ ನಾಳೆ ಅದು ವಕೀಲರು, ಕೋರ್ಟು, ದಾಯಾದಿಗಳು ಅಂತ ಹತ್ತು ಕೈ ಸುತ್ತುತ್ತದೆ. ‘ಪತ್ರದಲ್ಲಿ ಹೇಳಿದ ವಸ್ತುಗಳು ಇಂಥವರಿಗೆ’ ಅಂತ ಬರೆದರೆ ಸಾಕು.

ಲೆಕ್ಕದಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆನಡಾದ ಕ್ವಾಡ್ರಿಗಾ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ನಮ್ಮ ಜೈಪುರದಲ್ಲಿ. ಕೀಗಳು ಆತನೊಬ್ಬನಿಗೇ ಗೊತ್ತಿದ್ದವು, ಆದ್ದರಿಂದ ಜನರ ದುಡ್ಡು ತೆಗೆಯಲಾಗುತ್ತಿಲ್ಲ ಎಂದು ಕಂಪನಿ ಹೇಳಿತು. ಆಮೇಲೆ ಒಂಟಾರಿಯೊ ಸೆಕ್ಯೂರಿಟೀಸ್ ಕಮಿಷನ್ 2020ರಲ್ಲಿ ತನಿಖೆ ಮುಗಿಸಿ, ದುಡ್ಡು ಮೊದಲೇ ಗುಳುಂ ಆಗಿತ್ತು, ಇದು ಮೋಸ ಎಂದಿತು. ಮೋಸದ ವಿಷಯ ಬಿಡಿ. ಅಷ್ಟು ಜನ ಮೊದಲು ಆ ಮಾತು ನಂಬಿದ್ದು ಯಾಕೆ ಅಂದರೆ, ಅಂಥದ್ದು ನಿಜವಾಗಿಯೂ ಆಗಬಹುದಾದ್ದರಿಂದ.

ಲಾಕರ್_ಕೌಂಟರ್

ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಲಾಕರ್ ಬಗ್ಗೆ ಯಾರೂ ಎತ್ತಲಿಲ್ಲ, ಹಾಗಾಗಿ ಹೇಳುತ್ತೇನೆ.

ಸ್ಟೀಲ್ ತಗಡಿಗೆ ಲಾಕರ್ ಒಳ್ಳೆ ಜಾಗ. ಒಳಗೇನಿದೆ ಅಂತ ಬ್ಯಾಂಕ್ ಕೇಳುವುದಿಲ್ಲ. ಆದರೆ ಕಾಗದ, ನೋಟು ಇಟ್ಟು ಮರೆಯಬೇಡಿ. 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಒಬ್ಬರು ಲಾಕರ್‌ನಲ್ಲಿಟ್ಟಿದ್ದ 18 ಲಕ್ಷ ರೂಪಾಯಿ ನೋಟನ್ನು ಗೆದ್ದಲು ತಿಂದ ಸುದ್ದಿ ಓದಿರುತ್ತೀರಿ.

ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಜನವರಿ 1ರಿಂದ ಬದಲಾಗಿವೆ. ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ಹಾನಿಯಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. ಪ್ರವಾಹ, ಭೂಕಂಪಕ್ಕೆ ಆ ಹೊಣೆ ಇಲ್ಲ. ಬಾಡಿಗೆ ಮೂರು ವರ್ಷ ಕಟ್ಟದಿದ್ದರೆ ನೋಟಿಸ್ ಕೊಟ್ಟು ಒಡೆಯುವ ಅಧಿಕಾರ ಇದೆ. ಹಾಗಾಗಿ ಬಾಡಿಗೆ ಹೋಗುವ ಖಾತೆಯಲ್ಲಿ ದುಡ್ಡಿರಲಿ.

ನಾಮಿನಿ ಹಾಕಿಸಿ ಅಥವಾ ಹೆಂಡತಿಯ ಜೊತೆ ಜಂಟಿಯಾಗಿ ತಗೊಳ್ಳಿ. 2025ರ ನವೆಂಬರ್‌ನಿಂದ ನಾಲ್ಕು ಜನರ ತನಕ ನಾಮಿನಿ ಹಾಕಬಹುದು. ಲಾಕರ್‌ಗೆ ಅದು ಒಬ್ಬರಾದ ಮೇಲೆ ಒಬ್ಬರು ಅನ್ನುವ ಕ್ರಮದಲ್ಲಿ. ನಾಮಿನಿ ಇಲ್ಲದ ಲಾಕರ್ ಮುಂದೆ ವಿಧವೆಯರು ವಾರಸುದಾರಿಕೆಯ ಕಾಗದ ಹಿಡಿದು ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಫಾರಂ ತುಂಬಿದ್ದರೆ ಆ ಅಲೆದಾಟ ಇರುತ್ತಿರಲಿಲ್ಲ.

ಗರಿಗರಿದೋಸೆ

ಫೋಟೋ ತೆಗೆದು ಕ್ಲೌಡ್‌ಗೆ ಹಾಕುವುದು ಅಷ್ಟು ಕೆಟ್ಟದ್ದಾ? ಸುಮ್ನೆ ಕೇಳಿದೆ.

ಎಸ್‌ಪಿ_ರೋಡ್

ಕೆಟ್ಟದ್ದು. ಗ್ಯಾಲರಿಯ ಫೋಟೋಗಳಲ್ಲಿರುವ ಅಕ್ಷರ ಓದಿ, ಸೀಡ್ ಪದ ಕಂಡರೆ ಕಳ್ಳರಿಗೆ ಕಳಿಸುವ ಮಾಲ್‌ವೇರನ್ನು ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವರು 2025ರ ಫೆಬ್ರವರಿಯಲ್ಲಿ ಹಿಡಿದರು. ಸ್ಪಾರ್ಕ್‌ಕ್ಯಾಟ್ ಅಂತ ಹೆಸರು. ಗೂಗಲ್, ಆಪಲ್ ಎರಡೂ ಸ್ಟೋರ್‌ಗಳ ಆ್ಯಪ್‌ಗಳಲ್ಲೇ ಸೇರಿಕೊಂಡಿತ್ತು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಗ್ರಾಹಕರ ಗೂಢಲಿಪೀಕರಿಸಿದ ತಿಜೋರಿಗಳೇ ಕಳುವಾದವು. ಮಾಸ್ಟರ್ ಪಾಸ್‌ವರ್ಡ್ ದುರ್ಬಲ ಇದ್ದವರು ಅದರೊಳಗೆ ಸೀಡ್ ಇಟ್ಟಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ನಾನೂ ಬಳಸುತ್ತೇನೆ. ಸೀಡ್ ಮಾತ್ರ ಇಂಟರ್ನೆಟ್ ಮುಖ ನೋಡಬಾರದು.

ಪೆನ್‌ಡ್ರೈವ್ ಬೇರೆ ಕಾರಣಕ್ಕೆ ಬೇಡ. ಅದರೊಳಗೆ ಮಾಹಿತಿ ನಿಂತಿರುವುದು ವಿದ್ಯುತ್ ಚಾರ್ಜ್ ಆಗಿ. ವರ್ಷಗಟ್ಟಲೆ ಸುಮ್ನೆ ಬಿಟ್ಟರೆ ನಿಧಾನಕ್ಕೆ ಸೋರಿಹೋಗುತ್ತದೆ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಯ ಜೊತೆ ಕೂತು ತೀರ್ಮಾನ ಮಾಡಿದ್ದು ಹೀಗೆ. 24 ಪದ ಎರಡು ಸ್ಟೀಲ್ ತಗಡಿನ ಮೇಲೆ, ಒಂದೊಂದರಲ್ಲೂ ಪೂರ್ತಿ. ಒಂದು ಜಂಟಿ ಲಾಕರ್‌ನಲ್ಲಿ, ಒಂದು ತೀರ್ಥಹಳ್ಳಿಯಲ್ಲಿ. ಮಾಸ್ಟರ್ ಪಾಸ್‌ವರ್ಡ್, ಗೂಗಲ್ ಕೋಡ್, ಬಿಟ್‌ಲಾಕರ್ ಕೀ ಪೆನ್ಸಿಲ್‌ನಲ್ಲಿ ಬರೆದು, ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬೀರುವಿನಲ್ಲಿ. ಅಕ್ಕ ಹೇಳಿದ ಹಾಗೆ ಒಂದು ಪತ್ರ.

ತೀರ್ಥಹಳ್ಳಿಯ ತಗಡು ಯಾರಿಗಾದರೂ ಸಿಕ್ಕರೆ ಅಂತ, ವಾಲೆಟ್‌ಗೆ 25ನೇ ಪದವೊಂದನ್ನು ಸೇರಿಸಿ ಅದನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ.

ಲೆಕ್ಕದಮೇಷ್ಟ್ರು

ಕೊನೆಯದು ಬಿಟ್ಟು ಎಲ್ಲ ಚೆನ್ನಾಗಿದೆ.

25ನೇ ಪದ ಅನ್ನುವುದು ಪದಪಟ್ಟಿಯಿಂದ ಬಂದದ್ದಲ್ಲ, ನೀವು ಇಷ್ಟ ಬಂದ ಹಾಗೆ ಇಡುವ ಪಾಸ್‌ಫ್ರೇಸ್. ಅದಕ್ಕೆ ಚೆಕ್‌ಸಮ್ ಇಲ್ಲ. ಒಂದು ಅಕ್ಷರ ತಪ್ಪಾದರೂ, ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ವಾಲೆಟ್ ‘ತಪ್ಪು’ ಅನ್ನುವುದಿಲ್ಲ. ಸುಮ್ನೆ ಇನ್ನೊಂದು ಖಾಲಿ ವಾಲೆಟ್ ತೆರೆದು ತೋರಿಸುತ್ತದೆ. ನಿಮ್ಮ ಮನೆಯವರು ತಗಡು ಹಿಡಿದು, ಎಲ್ಲಾ ಸರಿಯಾಗಿ ಮಾಡಿ, ಸೊನ್ನೆ ನೋಡಿ ವಾಪಸ್ ಬರುತ್ತಾರೆ.

ತಲೆಯನ್ನು ನಂಬುವ ಮೊದಲು ಸ್ಟೆಫಾನ್ ಥಾಮಸ್ ಕಥೆ ಕೇಳಿ. ಸಾಮಾನ್ಯ ಮನುಷ್ಯನಲ್ಲ, ಒಳ್ಳೆ ಪ್ರೋಗ್ರಾಮರ್. 7,002 ಬಿಟ್‌ಕಾಯಿನ್‌ನ ಕೀ ಇದ್ದ ಐರನ್‌ಕೀ ಎಂಬ ಡ್ರೈವ್‌ನ ಪಾಸ್‌ವರ್ಡ್ ಬರೆದ ಕಾಗದ ಕಳೆದುಹೋಯಿತು, ತಲೆಯಲ್ಲೂ ಅದು ಉಳಿದಿರಲಿಲ್ಲ. ಹತ್ತು ಸಲ ತಪ್ಪಿದರೆ ಆ ಡ್ರೈವ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಸುದ್ದಿ ಬಂದಾಗ ಎಂಟು ಸಲ ಮುಗಿದಿತ್ತು.

ಹಾಸನದ_ಅಕ್ಕ

ಅದೇ. 25ನೇ ಪದ ಬೇಕೇ ಬೇಕು ಅಂದರೆ ಅದನ್ನೂ ಬರೆದು ಮೂರನೇ ಜಾಗದಲ್ಲಿಡಿ, ಪತ್ರದಲ್ಲಿ ಆ ಜಾಗ ಹೇಳಿ. ಇಲ್ಲದಿದ್ದರೆ ಬೇಡ ಬಿಡಿ.

ಮತ್ತೆ ತಗಡು ಆದಮೇಲೆ ಪರೀಕ್ಷೆ ಮಾಡಿ. ಬಹಳಷ್ಟು ವಾಲೆಟ್‌ಗಳಲ್ಲಿ ಬ್ಯಾಕಪ್ ಸರಿ ಇದೆಯಾ ಅಂತ ನೋಡುವ ಸೌಲಭ್ಯ ಸಾಧನದಲ್ಲೇ ಇರುತ್ತದೆ. ಕಾಗದ ಪಕ್ಕಕ್ಕಿಟ್ಟು ಬರೀ ತಗಡು ನೋಡಿ ಪದ ಹಾಕಿ. ಅದನ್ನು ನೀವು ಮಾಡಬೇಡಿ, ಹೆಂಡತಿಯ ಕೈಯಲ್ಲಿ ಮಾಡಿಸಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ಅವರು ಎಲ್ಲಿ ನಿಲ್ಲುತ್ತಾರೋ ಪತ್ರಕ್ಕೆ ಅಲ್ಲೊಂದು ಸಾಲು ಸೇರಿಸಿ.

ತುಂಗಾತೀರ

25ನೇ ಪದ ಕೈಬಿಟ್ಟೆ. ಪಂಚ್ ಸೆಟ್ ತಂದಿದ್ದೇನೆ. @ಎಸ್‌ಪಿ_ರೋಡ್, ಒಂದು ಹಳೆ ತಗಡಿನ ಮೇಲೆ ಹೊಡೆದು ನೋಡಿದರೆ ಅಕ್ಷರ ಅರ್ಧ ಮಾತ್ರ ಮೂಡುತ್ತಿದೆ, ಯಾಕೆ?

ಎಸ್‌ಪಿ_ರೋಡ್

ಟೇಬಲ್ ಮೇಲಿಟ್ಟು ಹೊಡೆಯುತ್ತಿರಬೇಕು. ಮರ ಅದುರುತ್ತದೆ, ಪೆಟ್ಟು ಅದರಲ್ಲೇ ಹೋಗುತ್ತದೆ. ನೆಲದ ಮೇಲೆ ದಪ್ಪ ಕಬ್ಬಿಣದ ತುಂಡು, ಅದರ ಮೇಲೆ ತಗಡು. ಪಂಚ್ ನೆಟ್ಟಗೆ ಹಿಡಿದು ಒಂದೇ ಗಟ್ಟಿ ಪೆಟ್ಟು, ಎರಡನೇದು ಹೊಡೆದರೆ ಅಕ್ಷರ ಎರಡೆರಡು ಕಾಣುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ತಪ್ಪಾದರೆ ಅದರ ಮೇಲೆ ಅಡ್ಡ ಗೆರೆ ಹೊಡೆದು ಪಕ್ಕದಲ್ಲಿ ಹೊಸದಾಗಿ ಹೊಡೆಯಿರಿ. ಅಭ್ಯಾಸಕ್ಕೆ ಬಳಸಿದ ತಗಡಿನ ಮೇಲೆ ನಿಜವಾದ ಪದ ಇದ್ದರೆ ಗುಜರಿಗೆ ಹಾಕಬೇಡಿ. ಬಾಡಿಗೆ ಮನೆ ಅಂದಿರಿ, ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯವರು ಮಲಗಿರುವಾಗ ಮಾತ್ರ ಶುರು ಮಾಡಬೇಡಿ.